ಸಂಬಳವಿದ್ದರೆ ಮಾತ್ರ ದೂರವೇ?

ಮೊನ್ನೆ ದಾವಣಗೆರೆಯ ವಿದ್ಯಾನಗರದಲ್ಲಿ ಸಂಬಂಧಿಕರ ಮನೆಯ ಗೃಹಪ್ರವೇಶವಿತ್ತು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಒಂಬತ್ತು ವರ್ಷದ ಮಗಳು ಕುಳಿತಿದ್ದಳು. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಎದುರು ಸಾಲಿನಿಂದ ಚಿಕ್ಕಮ್ಮ ಎಲ್ಲರಿಗೂ ಕೇಳುವಂತೆ ಹೇಳಿದರು: "ಅಪ್ಪನ ಮಣ್ಣಿಗೂ ಬರಲಿಲ್ಲವಲ್ಲ ನೀನು. ಅದೂ ಪುಕ್ಕಟೆ ದುಡಿಯುವ ಕೆಲಸ ಬಿಟ್ಟು ಬರಲಾಗದೆ!" ಮಗಳು ಎತ್ತಿದ ತುತ್ತನ್ನು ಎಲೆಗೇ ಇಟ್ಟಳು. ಇನ್ನೊಬ್ಬರ ಮನೆಯ ಶುಭಕಾರ್ಯವೆಂದು ನಾನು ಬಾಯಿ ಬಿಡಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲ. ಇವತ್ತು ಹೇಳಿಯೇ ತೀರುತ್ತೇನೆ.

ನಾವು ಮೂವರೂ ಇರುವುದು ಆಫ್ರಿಕಾದ ಮಲಾವಿ ದೇಶದಲ್ಲಿ, ದಕ್ಷಿಣದ ಜೋಂಬಾ ಎಂಬ ಊರಿನಲ್ಲಿ. 1975ರವರೆಗೆ ಅದೇ ರಾಜಧಾನಿಯಾಗಿತ್ತು. ನನ್ನ ಗಂಡ ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುತ್ತಾರೆ, ಅಲ್ಲಿನ ಹುಡುಗರಿಗೂ ಕಲಿಸುತ್ತಾರೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕರ ಜೊತೆ ಕುಳಿತು ಗಣಿತದ ಪಾಠ ಸಿದ್ಧಪಡಿಸುತ್ತೇನೆ, ನೂರಕ್ಕೂ ಹೆಚ್ಚು ಮಕ್ಕಳು ನೆಲದ ಮೇಲೆ ಕೂರುವ ತರಗತಿಯಲ್ಲಿ ಅವರೊಂದಿಗೆ ನಿಲ್ಲುತ್ತೇನೆ. ಸಂಬಳವಿಲ್ಲ. ಬಾಡಿಗೆ, ಊಟ, ಔಷಧಿಗೆ ಆಗುವಷ್ಟು ಭತ್ಯೆ. ಇದನ್ನು ಊರಿಗೆ ಬಂದಾಗಲೆಲ್ಲ ಹೇಳಿದ್ದೇನೆ. ಆದರೂ ಅದೇ ಪ್ರಶ್ನೆ: "ತಿಂಗಳಿಗೆ ಎಷ್ಟು ಲಕ್ಷ? ಡಾಲರಿನಲ್ಲೇ ಕೊಡುತ್ತಾರಾ?" ಅಲ್ಲಿ ನಡೆಯುವುದು ಕ್ವಾಚಾ. 2023ರ ನವೆಂಬರಿನಲ್ಲಿ ಡಾಲರಿಗೆ 1,180 ಇದ್ದ ಕ್ವಾಚಾ ಏಕಾಏಕಿ 1,700 ಆಯಿತು. ಅಡುಗೆ ಎಣ್ಣೆ ಕೊಳ್ಳುವ ಮುಂಚೆ ಗಂಡ ಹೆಂಡತಿ ಲೆಕ್ಕ ಹಾಕುತ್ತಿದ್ದೆವು. ನಮಗಾದರೆ ಲೆಕ್ಕ, ನೆರೆಮನೆಯವರಿಗೆ ಒಂದು ಹೊತ್ತಿನ ಊಟವೇ ಹೋಯಿತು.

ಸುಖವಿಲ್ಲವೆಂದು ಹೇಳುತ್ತಿಲ್ಲ. ನಮ್ಮ ಸೀಮೆಯಲ್ಲಿ ಎತ್ತ ನೋಡಿದರೂ ಮೆಕ್ಕೆಜೋಳ. ಅಪ್ಪನೂ ಅದನ್ನೇ ಬೆಳೆದವರು. ಇಲ್ಲಿ ಅದು ಎಪಿಎಂಸಿಗೆ ಹೋಗಿ ಕೋಳಿಯ ಮೇವಾಗುತ್ತದೆ, ಅಲ್ಲಿ ಅದೇ ಅನ್ನ. ಬಿಳಿ ಮೆಕ್ಕೆಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತಿರುವಿ ಮಾಡುವ ನ್ಸಿಮಾ ನಮ್ಮ ಮುದ್ದೆಯ ಒಡಹುಟ್ಟು. ಮೊದಲ ದಿನವೇ ನಾನು ಕೋಲು ಹಿಡಿದು ಗಂಟಿಲ್ಲದಂತೆ ತಿರುವಿದ್ದನ್ನು ಕಂಡು ಪಕ್ಕದ ಮನೆಯಾಕೆ ಬೆರಗಾದಳು. ಅಂದಿನಿಂದ ನಾವು ಬೇರೆಯವರಲ್ಲ. ಮಗಳು ಚಿಚೆವಾ ಭಾಷೆಯಲ್ಲಿ ಜಗಳವಾಡುವಷ್ಟು ಕಲಿತಿದ್ದಾಳೆ. ಅಪ್ಪನಿಗೆ ಇದೆಲ್ಲ ಎಷ್ಟು ಖುಷಿ! ಅಲ್ಲಿ ಬಿತ್ತನೆ ನಡೆಯುವುದು ನವೆಂಬರ್, ಡಿಸೆಂಬರಿನಲ್ಲಿ. ಇಲ್ಲಿಯ ಕೊಯ್ಲು ಮುಗಿಸಿ ಅಲ್ಲಿಯ ಮಳೆಗೆ ಕಾಯುತ್ತಿದ್ದರು. ಪ್ರತಿ ಭಾನುವಾರ ಫೋನಿನಲ್ಲಿ ಮೊದಲ ಮಾತೇ "ಅಲ್ಲಿ ಮಳೆ ಬಂತೇನವ್ವ?"

ಮಳೆ ಬಂತು. 2023ರ ಮಾರ್ಚಿನಲ್ಲಿ ಫ್ರೆಡ್ಡಿ ಚಂಡಮಾರುತ ಒಂದೇ ತಿಂಗಳೊಳಗೆ ಎರಡನೆಯ ಸಲ ಮೊಜಾಂಬಿಕ್ ತೀರಕ್ಕೆ ಅಪ್ಪಳಿಸಿ ನಮ್ಮ ಮೇಲೆ ಬಂತು. ಬ್ಲಾಂಟೈರಿನಲ್ಲಿ ಗುಡ್ಡದ ಮಣ್ಣು ಮಲಗಿದ್ದವರ ಮೇಲೆಯೇ ಕುಸಿಯಿತು. ರಸ್ತೆ, ಸೇತುವೆಗಳು ಕೊಚ್ಚಿಹೋದವು. 5 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಶಾಲೆಗಳೇ ಅವರಿಗೆ ಆಸರೆಯಾದವು. ನಾನು ಪಾಠ ಹೇಳಿಕೊಡುತ್ತಿದ್ದ ಕೊಠಡಿಯಲ್ಲಿ ಬಾಣಂತಿಯರು ಮಲಗಿದ್ದರು, ಅಂಗಳದಲ್ಲಿ ಹಂಡೆಗಟ್ಟಲೆ ನ್ಸಿಮಾ ಬೇಯುತ್ತಿತ್ತು. ಕರೆಂಟ್ ಇಲ್ಲ, ಫೋನಿನಲ್ಲಿ ಉಸಿರಿಲ್ಲ. ಆ ವಾರವೇ ಅಪ್ಪ ಹೋದರು. ಸುದ್ದಿ ನನಗೆ ತಲುಪಿದ್ದು ಮರುದಿನ, ಅವರನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿಯಾದ ಮೇಲೆ. ವಿಭೂತಿ ಹಚ್ಚಿ ಕೂರಿಸಿದ ಅಪ್ಪನ ಮುಖವನ್ನು ನಾನು ನೋಡಿದ್ದು ಮೊಬೈಲಿನ ಫೋಟೋದಲ್ಲಿ. ಊರು ಮುಟ್ಟುವಷ್ಟರಲ್ಲಿ ಎಂಟು ದಿನವಾಗಿತ್ತು. ಇದು ಚಿಕ್ಕಮ್ಮನಿಗೆ ಗೊತ್ತಿಲ್ಲವೇ? ಅವ್ವನ ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿದವರೇ ಅವರು.

ನನ್ನ ಹೊಟ್ಟೆ ಉರಿಯುವುದು ಇಲ್ಲಿ. ದೊಡ್ಡಪ್ಪ ತೀರಿಕೊಂಡಾಗ ಅಮೆರಿಕದಲ್ಲಿದ್ದ ಅವರ ಮಗನೂ ಮಣ್ಣಿಗೆ ಬರಲಿಲ್ಲ. ವಿಡಿಯೊ ಕರೆಯಲ್ಲೇ ಕೈ ಮುಗಿದ. ಆಗ ಇದೇ ಚಿಕ್ಕಮ್ಮ "ಪಾಪ, ಅಷ್ಟು ದೂರ, ವೀಸಾ ತಾಪತ್ರಯ, ಹುಡುಗ ಏನು ಮಾಡಿಯಾನು?" ಎಂದು ಕಣ್ಣೊರೆಸಿಕೊಂಡರು. ಅವನ ಸಂಕಟ ನಿಜ, ಅದಕ್ಕೆ ನನ್ನ ತಕರಾರಿಲ್ಲ. ಸಂಬಳ ತರುವವನಿಗೆ ದೂರ ದೂರವೇ, ಸಂಬಳವಿಲ್ಲದವಳಿಗೆ ಅದೇ ದೂರ ಅಪರಾಧವೇ? ಚಂಡಮಾರುತ ನನ್ನ ಭತ್ಯೆಯನ್ನು ನೋಡಿ ಸೇತುವೆ ಮುರಿಯಿತೇ?

"ನಮ್ಮೂರಿನಲ್ಲಿ ಬಡವರಿಲ್ಲವೇ, ಅಲ್ಲಿಗೇ ಹೋಗಬೇಕಿತ್ತೇ" ಎನ್ನುವವರಿಗೂ ಒಂದು ಮಾತು. ಹನ್ನೊಂದು ವರ್ಷ ನಾನು ಇದೇ ಊರಿನಲ್ಲಿ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಬೆಳೆದ ಮಕ್ಕಳಿಗೆ ಪಾಠ ಮಾಡಿದ್ದೇನೆ. ಶನಿವಾರ ಒಂದೇ ಒಂದು ಗಂಟೆ ಬಂದು ಕಥೆ ಓದಿ ಹೇಳಿ ಎಂದು ನಮ್ಮವರನ್ನೆಲ್ಲ ಕೇಳಿದ್ದೆ. ಒಬ್ಬರೂ ಬರಲಿಲ್ಲ. ಆ ಹನ್ನೊಂದು ವರ್ಷಗಳಲ್ಲಿ ನಮ್ಮೂರಿನ ಬಡವರ ನೆನಪು ಯಾರಿಗೂ ಆಗಲಿಲ್ಲ, ನಾನು ವಿಮಾನ ಹತ್ತಿದ ಮೇಲೆ ಆಯಿತು. ಶ್ರಾವಣ ಬಂದರೆ ಪ್ರವಚನಕ್ಕೆ ಹೋಗುತ್ತೀರಿ. ದಾಸೋಹ ಎಂಬ ಮಾತು ಕಿವಿಗೆ ಬಿದ್ದಾಗ ಕೈ ಮುಗಿಯುತ್ತೀರಿ. ನಿಮ್ಮದೇ ಮನೆಯ ಮಗಳು ಮಾಡಿದರೆ ಅದಕ್ಕೆ ನಿಮ್ಮ ಬಾಯಲ್ಲಿ ಬರುವ ಹೆಸರು ಪುಕ್ಕಟೆ ದುಡಿಮೆ!

ಚಿಕ್ಕಮ್ಮ, ಇದನ್ನು ಯಾರಾದರೂ ನಿಮಗೆ ಓದಿ ಹೇಳುತ್ತಾರೆ, ನನಗೆ ಗೊತ್ತು. ನನ್ನನ್ನು ಮನೆಗೆ ಕರೆದು ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಎತ್ತಿ ಆಡಿಸಿದವರು ನೀವು. ಆದರೆ ಮಗಳ ಎದುರಿಗೆ ಅಪ್ಪನ ಮಣ್ಣಿನ ಮಾತು ಇನ್ನೊಮ್ಮೆ ಎತ್ತಬೇಡಿ. ಮೊನ್ನೆ ರಾತ್ರಿ ಅವಳು ಹೊದಿಕೆಯೊಳಗಿನಿಂದ ಕೇಳಿದಳು: "ಅಮ್ಮ, ಅಜ್ಜನಿಗೆ ನಮ್ಮ ಮೇಲೆ ಸಿಟ್ಟು ಬಂದಿತ್ತಾ?"

ಗುರುವಾರ ನಾವು ಹೊರಡುತ್ತೇವೆ. ನಾಳೆ ಬೆಳಿಗ್ಗೆ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ. ಮೆಕ್ಕೆಜೋಳ ಸೂಲಂಗಿ ಬಿಟ್ಟಿದೆಯಂತೆ. ಅಜ್ಜ ಪ್ರತಿ ಭಾನುವಾರ ನನ್ನನ್ನು ಏನು ಕೇಳುತ್ತಿದ್ದರೆಂಬುದನ್ನು ಅವರ ಪಕ್ಕದಲ್ಲೇ ಕುಳಿತು ಅವಳಿಗೆ ಹೇಳಬೇಕು.