ಸೆಂಟರ್‌ನಿಂದ ಬರುವ ಗೋಲು

ಮೂಡಿಗೆರೆ ಕಡೆ ಮಳೆಗಾಲದ ಫುಟ್‌ಬಾಲ್ ಪಂದ್ಯ. ನಮ್ಮ ಚಿಕ್ಕಮಗಳೂರಿನ ಹುಡುಗರು ಆಗಷ್ಟೇ ಗೋಲು ಹೊಡೆದಿದ್ದರು. ಕೆಸರಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಕುಣಿದು ವಾಪಸ್ ಬಂದರು. ಎಡಗಡೆ ಬ್ಯಾಕ್, ಅಂದರೆ ಹಿಂದೆ ನಿಂತು ತಡೆಯುವವನು, ಬಗ್ಗಿ ಶೂ ಅಡಿಯ ಕೆಸರು ಕೆರೆಯುತ್ತಿದ್ದ. ಅವನ ಎದುರಿಗೆ ಮೈದಾನದ ನಡುಗೆರೆ ಮೇಲೆ ಎದುರಾಳಿಯ ನಾಲ್ಕು ಜನ ಸಾಲಾಗಿ ನಿಂತಿದ್ದರು. ನಮ್ಮವರು ಯಾರೂ ನೋಡಲಿಲ್ಲ. ಬದಿಯಲ್ಲಿ ನಿಂತು ಆಡಿಸುತ್ತಿದ್ದ ನಾನೂ ನೋಡಲಿಲ್ಲ. ವಿಷಲ್ ಆಯಿತು. ಸೆಂಟರ್‌ನಿಂದ ಅವರು ಒದ್ದ ಬಾಲ್ ಹಿಂದಕ್ಕೆ ಹೋಯಿತು, ಅಲ್ಲಿಂದ ಎತ್ತರಕ್ಕೆ ಆ ಮೂಲೆಗೆ ಬಂತು. ಒಂದು ಹೆಡ್, ಬದಿಯಿಂದ ಗೋಲಿನ ಮುಂದಕ್ಕೆ ಒಂದು ಕ್ರಾಸ್, ಗೋಲು. ನಮ್ಮ ಹುಡುಗರ ಏದುಸಿರು ಇನ್ನೂ ಇಳಿದಿರಲಿಲ್ಲ.

ಕಾರ್ನರ್‌ಗೆ, ಫ್ರೀಕಿಕ್‌ಗೆ ನಾವು ಗಂಟೆಗಟ್ಟಲೆ ಅಭ್ಯಾಸ ಮಾಡಿಸುತ್ತೇವೆ. ಪಂದ್ಯದ ಶುರುವಿಗೆ, ಗೋಲು ಆದ ಮೇಲೆ ಸೆಂಟರ್‌ನಿಂದ ಒದೆಯುವ ಕಿಕ್‌ಆಫ್ ಅಂದರೆ ಸುಮ್ನೆ ಆಟ ಶುರು ಮಾಡುವುದು ಅಂದುಕೊಂಡಿದ್ದೇವೆ, ಅಲ್ವಾ? ಅದು ದೊಡ್ಡ ತಪ್ಪು. 2016ರ ತನಕ ಕಿಕ್‌ಆಫ್ ಬಾಲ್ ಮುಂದಕ್ಕೇ ಹೋಗಬೇಕಿತ್ತು. ಈಗ ಒಬ್ಬನೇ ನಿಂತು ನೇರ ಹಿಂದಕ್ಕೆ ಕೊಡಬಹುದು. ಉಳಿದವರು ಗೆರೆ ಮೇಲೆ ಓಟಕ್ಕೆ ರೆಡಿ. 2023ರಲ್ಲಿ ಇಂಗ್ಲೆಂಡಿನ ಬೋರ್ನ್‌ಮತ್ ತಂಡ ಆರ್ಸೆನಲ್‌ನ ಮೈದಾನದಲ್ಲೇ ಹೀಗೆ ಬಲಗಡೆ ಜನ ತುಂಬಿ, 9 ಸೆಕೆಂಡಿಗೆಲ್ಲ ಗೋಲು ಹೊಡೆಯಿತು. 2022ರಲ್ಲಿ ಫ್ರಾನ್ಸ್‌ನ ಲಿಲ್ ತಂಡದ ವಿರುದ್ಧ ಪ್ಯಾರಿಸ್‌ನ ಪಿಎಸ್‌ಜಿ ತಂಡದ ಮೆಸ್ಸಿ ಎತ್ತಿ ಕೊಟ್ಟ ಬಾಲಿಗೆ ಓಡಿ ಎಂಬಾಪೆ 8 ಸೆಕೆಂಡಲ್ಲಿ ಮುಗಿಸಿದ.

ತಡೆಯುವ ಕೆಲಸ ವಿಷಲ್‌ಗೆ ಮೊದಲೇ ಶುರುವಾಗಬೇಕು. ಎಣಿಸಬೇಕು. ಗೆರೆ ಮೇಲೆ ಯಾವ ಕಡೆ ಎಷ್ಟು ಜನ? ಒಂದೇ ಕಡೆ ನಾಲ್ಕು ಜನ ಇದ್ದರೆ ನಡುವೆ ಆಡುವ ನಮ್ಮ ಮಿಡ್‌ಫೀಲ್ಡರ್ ಒಬ್ಬ ಆ ಕಡೆ ಸರಿಯಬೇಕು. ಹೆಡ್‌ಗೆ ಒಬ್ಬನೇ ಹಾರಬೇಕು. ಇನ್ನೊಬ್ಬ ಅವನ ಹಿಂದೆ ನಾಲ್ಕೈದು ಹೆಜ್ಜೆ ಬಿಟ್ಟು, ಮತ್ತೊಬ್ಬ ಮುಂದೆ ಬಾಲ್ ಬೀಳುವ ಜಾಗದಲ್ಲಿ ಇರಬೇಕು. ನಮ್ಮ ಹುಡುಗರು ಮೂವರೂ ಒಟ್ಟಿಗೆ ಹಾರುತ್ತಾರೆ. ಬಾಲ್ ತಲೆ ಸವರಿ ಹಿಂದೆ ಬಿದ್ದರೆ ಕೇಳುವವರೇ ಇಲ್ಲ. ಆಚೆ ಕಡೆ ಬ್ಯಾಕ್ ಆಡುವವನು ಸೈಡ್ ಲೈನ್ ಹತ್ತಿರವೇ ನಿಲ್ಲದೆ ಒಳಗೆ ಬರಬೇಕು. ಕ್ರಾಸ್ ಬಂದು ಬೀಳುವುದು ಜಾಸ್ತಿ ಅಲ್ಲೇ.

ಇನ್ನು ಮುಂದೆ ಆಡುವ ನಮ್ಮ ಫಾರ್ವರ್ಡ್. ಕಿಕ್‌ಆಫ್ ಎದುರಾಳಿಯದಾದರೆ ಅವನು ಬಾಲಿನಿಂದ 9.15 ಮೀಟರ್ ದೂರ, ಅಂದರೆ ಸೆಂಟರ್ ಸರ್ಕಲ್‌ನ ಹೊರಗೆ ಇರಬೇಕು. ಆದರೆ ಒದ್ದ ಬಾಲ್ ಕದಲಿದ ಕೂಡಲೇ ಹೊರಡಬಹುದು. ಹಿಂದಕ್ಕೆ ಹೋದ ಬಾಲಿನ ಮೇಲೆ ಓಡಲೇಬೇಕು. ಕಿತ್ತುಕೊಳ್ಳದಿದ್ದರೂ ಪರವಾಗಿಲ್ಲ, ಹೊಡೆಯುವವನು ಗಡಿಬಿಡಿ ಮಾಡಿಕೊಂಡರೆ ಸಾಕು.

ಕಿಕ್‌ಆಫ್ ನಮ್ಮದೇ ಆದರೂ ಮೈಮರೆಯುವ ಹಾಗಿಲ್ಲ. 2002ರ ವಿಶ್ವಕಪ್‌ನ ಮೂರನೇ ಸ್ಥಾನದ ಪಂದ್ಯದಲ್ಲಿ ಕಿಕ್‌ಆಫ್ ಮಾಡಿದ್ದು ದಕ್ಷಿಣ ಕೊರಿಯಾ. ಹಿಂದೆ ಬಾಲ್ ಕಳೆದುಕೊಂಡರು. 11 ಸೆಕೆಂಡಿಗೆ ಟರ್ಕಿಯ ಹಕಾನ್ ಶುಕುರ್ ಗೋಲು ಹೊಡೆದಾಗಿತ್ತು. ನಮ್ಮ ಮಲೆನಾಡಿನ ಮಳೆಯಲ್ಲಂತೂ ಹಿಂದಕ್ಕೆ ಕೊಟ್ಟ ಬಾಲ್ ನೀರಲ್ಲಿ ಗಕ್ಕನೆ ನಿಂತುಬಿಡುತ್ತದೆ. ಅಂಥ ದಿನ ಎದುರಾಳಿಯ ಮೂಲೆಗೆ ಉದ್ದ ಹೊಡೆಯಿರಿ ಅಂತಲೇ ನಾನು ಹೇಳುವುದು. ಹೊರಗೆ ಹೋದರೆ ಹೋಗಲಿ. 2025ರಲ್ಲಿ ಪಿಎಸ್‌ಜಿ ತಂಡ ಬೇಕಂತಲೇ ಹಾಗೆ ಹೊರಗೆ ಹೊಡೆದು, ಥ್ರೋ ತೆಗೆದುಕೊಳ್ಳುವವರನ್ನು ಅಲ್ಲೇ ಮುತ್ತುತ್ತಿತ್ತು.

ಈಗ ಪ್ರತಿ ಅಭ್ಯಾಸದ ಕೊನೆಗೆ ಹತ್ತು ಕಿಕ್‌ಆಫ್ ಆಡಿಸುತ್ತೇನೆ. ಐದು ಹೊಡೆಯಲಿಕ್ಕೆ, ಐದು ತಡೆಯಲಿಕ್ಕೆ. ಎಣಿಸುವ ಕೆಲಸ ಅದೇ ಎಡಗಡೆ ಬ್ಯಾಕ್‌ಗೆ ಕೊಟ್ಟಿದ್ದೇನೆ. ಮೊನ್ನೆ ಭಾನುವಾರ ಅವನು, "ಈ ಕಡೆ ಮೂರು ಜನ! ಒಬ್ಬ ಬಾರೋ ಇಲ್ಲಿ!" ಅಂತ ಕೂಗಿದ್ದು ಕಾಂಪೌಂಡ್ ಆಚೆಯ ಟೀ ಅಂಗಡಿ ತನಕ ಕೇಳಿಸಿತು.