ತಿಂಗಳ ಸಂಬಳದವರಿಗೂ ಹೆಚ್ಚುವರಿ ವೇತನದ ಹಕ್ಕಿದೆ: ಒಂದು ಸ್ಪಷ್ಟನೆ

‘ತಿಂಗಳ ಸಂಬಳದವರು ಹೆಚ್ಚುವರಿ ದುಡಿಮೆಗೆ ಹಣ ಕೇಳುವಂತಿಲ್ಲ, ಅದು ಕಾರ್ಖಾನೆಯವರಿಗೆ ಮಾತ್ರ’ ಎಂಬ ಸಂದೇಶ ಶಿರಸಿ, ಕಾರವಾರದ ಅಂಗಡಿ ಮತ್ತು ಖಾಸಗಿ ಕಚೇರಿಗಳ ನೌಕರರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ತಪ್ಪು.

ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳಿಗೆ ಅನ್ವಯಿಸುವುದು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಅದರ 8ನೇ ಕಲಮಿನಂತೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಸಾಮಾನ್ಯ ವೇತನದ ಎರಡು ಪಟ್ಟು ಕೊಡಬೇಕು. ಸಂಬಳ ತಿಂಗಳಿಗೊಮ್ಮೆ ಬರುತ್ತದೆ ಎಂಬ ಕಾರಣಕ್ಕೆ ಈ ಹಕ್ಕು ಹೋಗುವುದಿಲ್ಲ. ವಾರದಲ್ಲಿ ಒಂದು ಪೂರ್ಣ ದಿನದ ರಜೆಯೂ ಕಾಯ್ದೆಯಲ್ಲೇ ಇದೆ. ಅದು ಮಾಲೀಕರ ಕೃಪೆಯಲ್ಲ.

ಆಡಳಿತದ ಹುದ್ದೆಯಲ್ಲಿರುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ. ಸಂದೇಶ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಆದರೆ ಇಡೀ ದಿನ ಬಿಲ್ ಬರೆಯುವವನಿಗೆ ‘ಮ್ಯಾನೇಜರ್’ ಎಂಬ ಫಲಕ ತಗುಲಿಸಿದರೆ ಸಾಲದು (ಈ ಚಮತ್ಕಾರ ನಮ್ಮಲ್ಲಿ ಕಡಿಮೆಯೇನಿಲ್ಲ); ನೋಡುವುದು ಕೆಲಸವನ್ನು, ಹೆಸರನ್ನಲ್ಲ.

‘ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಲೆಕ್ಕ ನೋಡಬಾರದು’ ಎಂಬ ಮಾತೂ ಅದೇ ಸಂದೇಶದಲ್ಲಿದೆ. ಜಾತ್ರೆಗೆಂದು ವೇತನದಲ್ಲಿ ವಿನಾಯಿತಿ ಕಾಯ್ದೆಯಲ್ಲಿ ಇಲ್ಲ. ಬಂದ ಮತ್ತು ಹೋದ ಹೊತ್ತನ್ನು ದಿನವೂ ಬರೆದಿಟ್ಟುಕೊಳ್ಳಿ. ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡುವಾಗ ಅದು ಬೇಕಾಗುತ್ತದೆ.