ಸತ್ಯ ಬರೆದವರಿಗೂ ವಕೀಲರ ಫೀಸು ತಪ್ಪಿದ್ದಲ್ಲ

"ಬರೆದಿದ್ದು ನಿಜವೇ ಆಗಿದ್ದರೆ ಕೋರ್ಟಿಗೆ ಯಾಕ್ರೀ ಹೆದರಬೇಕು?"

ಇವತ್ತು ಬೆಳಿಗ್ಗೆ ಈ ಮಾತು ಮತ್ತೆ ಕಣ್ಣಿಗೆ ಬಿತ್ತು. ಹೇಳಿದವರು ತಿಳಿದವರು, ಒಳ್ಳೆಯ ಸುದ್ದಿಯನ್ನು ಹುಡುಕಿ ಓದುವವರು. ಅದಕ್ಕೇ ಹೊಟ್ಟೆ ಉರಿಯಿತು. ಪೀಠಿಕೆ ಬೇಡ, ನೇರವಾಗಿ ಹೇಳ್ತೀನಿ. ತನಿಖಾ ವರದಿಗಾರರ ಬಾಯಿ ಮುಚ್ಚಿಸುವುದಕ್ಕೆ ಮೊಕದ್ದಮೆ ಗೆಲ್ಲಬೇಕಾಗಿಲ್ಲ, ಹೂಡಿದರೆ ಸಾಕು.

ಮಾಲ್ಟಾದ ತನಿಖಾ ಪತ್ರಕರ್ತೆ ಡ್ಯಾಫ್ನಿ ಕರೂವಾನಾ ಗಲಿಟ್ಸಿಯಾ ಅವರನ್ನು 2017ರ ಅಕ್ಟೋಬರ್ 16ರಂದು ಕಾರಿನಲ್ಲಿ ಬಾಂಬಿಟ್ಟು ಕೊಂದರು. ಆ ದಿನ ಎಲ್ಲರಿಗೂ ನೆನಪಿದೆ. ಅದೇ ವರ್ಷದ ಫೆಬ್ರವರಿಯಲ್ಲಿ ಅವರ ಬ್ಯಾಂಕ್ ಖಾತೆಗಳನ್ನು ತಡೆಹಿಡಿದದ್ದು ಎಷ್ಟು ಜನಕ್ಕೆ ಗೊತ್ತು? ಮಾನನಷ್ಟ ಮೊಕದ್ದಮೆ ಇನ್ನೂ ವಿಚಾರಣೆಗೇ ಬಂದಿರಲಿಲ್ಲ. ತೀರಿಕೊಂಡಾಗ ಅವರ ಮೇಲೆ 40ಕ್ಕೂ ಹೆಚ್ಚು ಕೇಸುಗಳಿದ್ದವು. ಅವು ಅವರ ಜೊತೆ ಮಣ್ಣಾಗಲಿಲ್ಲ, ವಾರಸುದಾರರ ಹೆಗಲಿಗೆ ಬಂದವು. ತಾಯಿಯನ್ನು ಕಳೆದುಕೊಂಡ ಮಕ್ಕಳು ತಾಯಿಯ ಬರಹಕ್ಕಾಗಿ ಕೋರ್ಟಿಗೆ ಅಲೆದರು. "ನಿಜವಾಗಿದ್ದರೆ ಯಾಕೆ ಹೆದರಬೇಕು" ಅನ್ನುವವರು ಇದಕ್ಕೆ ಏನು ಹೇಳ್ತೀರಿ?

ಈ ಕೇಸುಗಳ ದಾರಿ ಒಂದೇ. ಮೊದಲು ವಕೀಲರ ಪತ್ರ: ವರದಿ ತೆಗೆಯಿರಿ, ಕ್ಷಮೆ ಕೇಳಿ, ಇಷ್ಟು ದಿನದೊಳಗೆ. ಆಮೇಲೆ ಸಂಸ್ಥೆಯನ್ನು ಬಿಟ್ಟು ಬರೆದವರನ್ನೇ ವೈಯಕ್ತಿಕವಾಗಿ ಪ್ರತಿವಾದಿ ಮಾಡುತ್ತಾರೆ. ಏಕೆಂದರೆ ಸಂಸ್ಥೆಗೆ ವಿಮೆ ಇರಬಹುದು, ವರದಿಗಾರರಿಗೆ ಇರುವುದು ಮನೆ ಸಾಲ. ಸಾಧ್ಯವಾದರೆ ಕಾನೂನು ಖರ್ಚು ವಿಪರೀತವಾಗಿರುವ ದೇಶದಲ್ಲಿ ಹೂಡುತ್ತಾರೆ. ಲಂಡನ್ ಈ ವಿಷಯಕ್ಕೆ ಹೆಸರಾಗಿದ್ದು ಸುಮ್ಮನೆ ಅಲ್ಲ. ಅಲ್ಲಿಂದ ಮುಂದೆ ವರದಿಗಾರರು ಹೊಸದೇನೂ ಹುಡುಕುವುದಿಲ್ಲ. ಎರಡು ವರ್ಷದ ಹಿಂದಿನ ಟಿಪ್ಪಣಿ, ಇಮೇಲು, ಫೋನ್ ಮಾಡಿದ ದಿನಾಂಕ, ಎಲ್ಲವನ್ನೂ ವಕೀಲರಿಗಾಗಿ ಜೋಡಿಸುತ್ತಾ ಕೂರುತ್ತಾರೆ. ಕೇಸು ಹಾಕಿದವರಿಗೆ ಬೇಕಿದ್ದದ್ದೂ ಅದೇ. ಪಕ್ಕದ ಮೇಜಿನ ಸಂಪಾದಕರು ಇದನ್ನು ನೋಡಿ ತಮ್ಮ ಮುಂದಿನ ವರದಿಯಿಂದ ಒಂದು ಪ್ಯಾರಾ ತೆಗೆದುಬಿಡುತ್ತಾರೆ. ಅಲ್ಲಿ ಏನಿತ್ತು ಅಂತ ಓದುಗರಿಗೆ ಎಂದೂ ಗೊತ್ತಾಗುವುದಿಲ್ಲ.

"ಎದುರಿನವರಿಗೂ ಮರ್ಯಾದೆ ಇಲ್ಲವೇ? ಸುಳ್ಳು ಬರೆದರೆ ಅವರೆಲ್ಲಿ ಹೋಗಬೇಕು?" ಅಂತ ಕೇಳಬಹುದು. ಹೋಗಲಿ, ಕೋರ್ಟಿಗೇ ಹೋಗಲಿ. ಆದರೆ ತಪ್ಪು ತಿದ್ದಿಸಲು ಬಂದವರು ಯಾವ ಸಾಲು ತಪ್ಪು ಅಂತ ಬೆರಳಿಟ್ಟು ತೋರಿಸುತ್ತಾರೆ. ಒಂದೇ ವರದಿಗೆ ಹತ್ತು ಕೇಸು ಹಾಕುವವರಿಗೆ ತಿದ್ದುಪಡಿ ಬೇಕಾಗಿರುವುದಿಲ್ಲ. ಯುರೋಪಿಯನ್ ಒಕ್ಕೂಟ 2024ರಲ್ಲಿ ತಂದ ನಿರ್ದೇಶನ ಈ ವ್ಯತ್ಯಾಸವನ್ನು ಗುರುತಿಸಿದೆ. ಹುರುಳಿಲ್ಲದ ಕೇಸನ್ನು ಶುರುವಿನಲ್ಲೇ ವಜಾ ಮಾಡಬಹುದು, ಹೂಡಿದವರಿಂದಲೇ ಖರ್ಚು ವಸೂಲಿ ಮಾಡಬಹುದು. ಡ್ಯಾಫ್ನಿ ಕಾನೂನು ಅಂತಲೇ ಅದಕ್ಕೆ ಹೆಸರು ಬಿದ್ದಿದೆ. ಆದರೆ ಅದು ಗಡಿ ದಾಟಿದ ಸಿವಿಲ್ ಪ್ರಕರಣಗಳಿಗೆ ಮಾತ್ರ. ಒಂದೇ ದೇಶದೊಳಗಿನ ಕೇಸಿಗೆ ಆಯಾ ದೇಶವೇ ಮನಸ್ಸು ಮಾಡಬೇಕು.

ಇನ್ನು ನಿಜವನ್ನು ಕೋರ್ಟಿನಲ್ಲಿ ನಿಲ್ಲಿಸುವುದು ಅಂದರೇನು ಅಂತ ನೋಡಿ. ಅಚ್ಚಿಗೆ ಹೋಗುವ ಮೊದಲು ವರದಿಯ ಪ್ರತಿ ವಾಕ್ಯಕ್ಕೂ ನಂಬರು ಹಾಕುತ್ತಾರೆ. ಪ್ರತಿ ನಂಬರಿನ ಎದುರು ಅದರ ಆಧಾರ: ಯಾವ ಕಡತ, ಎಷ್ಟನೇ ಪುಟ, ಯಾರ ಹೇಳಿಕೆ, ರೆಕಾರ್ಡಿಂಗ್‌ನ ಎಷ್ಟನೇ ನಿಮಿಷ. ಬರೆಯದ ಇನ್ನೊಬ್ಬರು ಕೂತು ಒಂದೊಂದನ್ನೇ ಪ್ರಶ್ನಿಸುತ್ತಾರೆ. "ಇದನ್ನು ನಿರ್ದೇಶಕರು ಬಲ್ಲರು ಅಂತ ಬರೆದಿದ್ದೀರಿ. ಬಲ್ಲರು ಅನ್ನುವುದಕ್ಕೆ ಏನಿದೆ? ಸಹಿ ಇದೆ, ಸರಿ. ಓದಿಯೇ ಸಹಿ ಹಾಕಿದರು ಅನ್ನುವುದಕ್ಕೆ?" ಉತ್ತರ ಇಲ್ಲದಿದ್ದರೆ "ಬಲ್ಲರು" ಹೋಗಿ "ಸಹಿ ಹಾಕಿದ್ದಾರೆ" ಆಗುತ್ತದೆ. ಆ ಒಂದು ಪದಕ್ಕೆ ಅರ್ಧ ದಿನ ಹೋಗಬಹುದು.

ಆಮೇಲೆ ಆರೋಪಕ್ಕೆ ಒಳಗಾದವರಿಗೆ ಪ್ರಶ್ನೆಗಳ ಪತ್ರ. ವರದಿಯಲ್ಲಿರುವ ಪ್ರತಿ ಆರೋಪವೂ ಅದರಲ್ಲಿರಬೇಕು. ಅಚ್ಚಾಗುವ ಹಿಂದಿನ ಸಂಜೆ ಕಳಿಸಿದರೆ ನ್ಯಾಯವಾಗಿ ಅವಕಾಶ ಕೊಡಲಿಲ್ಲ ಅಂತ ಕೋರ್ಟಿನಲ್ಲಿ ಸೋಲಬಹುದು. ತೀರಾ ಮೊದಲೇ ಕಳಿಸಿದರೆ ಕಾಗದಪತ್ರ ಮಾಯ, ಸಾಕ್ಷಿಗಳ ಮೇಲೆ ಒತ್ತಡ, ಕೆಲವೊಮ್ಮೆ ತಡೆಯಾಜ್ಞೆ. ಹಾಗಾಗಿ ಎಲ್ಲ ದಾಖಲೆಗಳೂ ಭದ್ರವಾದ ಮೇಲೆಯೇ ಆ ಪತ್ರ ಹೊರಡಬೇಕು.

ಮೂಲವನ್ನು, ಅಂದರೆ ಗುಟ್ಟಾಗಿ ಮಾಹಿತಿ ಕೊಟ್ಟವರನ್ನು, ಕಾಯುವುದು ಇದೆಲ್ಲಕ್ಕಿಂತ ಕಷ್ಟ. ಹಲವು ಕಲರ್ ಲೇಸರ್ ಪ್ರಿಂಟರುಗಳು ಪ್ರತಿ ಹಾಳೆಯ ಮೇಲೂ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆ ಹಾಕುತ್ತವೆ. ಆ ಚುಕ್ಕೆಗಳಲ್ಲಿ ಯಂತ್ರದ ಸಂಖ್ಯೆ, ಅಚ್ಚಾದ ದಿನ, ವೇಳೆ ಇರುತ್ತದೆ. 2017ರಲ್ಲಿ ಅಮೆರಿಕದ ಗುಪ್ತಚರ ದಾಖಲೆಯೊಂದರ ಪ್ರತಿಯನ್ನು ಖಚಿತಪಡಿಸಿಕೊಳ್ಳಲೆಂದು ಸುದ್ದಿಸಂಸ್ಥೆ ಸರ್ಕಾರಕ್ಕೇ ತೋರಿಸಿತು. ಹಾಳೆ ಮಡಚಿದ ಗುರುತಿನಿಂದ ಅದು ಅಚ್ಚು ಹಾಕಿ ಹೊರಗೆ ತಂದದ್ದು ಅಂತ ಗೊತ್ತಾಯಿತು. ಅದನ್ನು ಅಚ್ಚು ಹಾಕಿದ್ದವರು ಆರೇ ಜನ. ದಾಖಲೆ ಕೊಟ್ಟವರಿಗೆ 63 ತಿಂಗಳ ಸೆರೆವಾಸ. ಮೂಲ ಹಾಳೆಯನ್ನು, ಅದರ ಫೋಟೊವನ್ನು ಯಾರಿಗೂ ತೋರಿಸಬಾರದು. ಸಾರವನ್ನು ಹೊಸದಾಗಿ ಟೈಪು ಮಾಡಿ ಅದರ ಬಗ್ಗೆ ಕೇಳಬೇಕು. ಇದನ್ನು ಗಡಿಬಿಡಿಯಲ್ಲಿ ಮರೆಯುತ್ತಾರೆ. ಗಡಿಬಿಡಿ ಬರುವುದು ಜನ ಕಡಿಮೆ ಇದ್ದಾಗ, ಜನ ಕಡಿಮೆ ಇರುವುದು ದುಡ್ಡಿಲ್ಲದಾಗ.

ದುಡ್ಡಿನ ಮಾತು ಬಂತು. ಶ್ರೀಮಂತರ ಗುಟ್ಟಿನ ವಿದೇಶಿ ಕಂಪನಿಗಳನ್ನು ಬಯಲಿಗೆಳೆದ ಪನಾಮಾ ಪೇಪರ್ಸ್ ಅಂದರೆ 1.15 ಕೋಟಿ ದಾಖಲೆ, 2.6 ಟೆರಾಬೈಟ್, 370ಕ್ಕೂ ಹೆಚ್ಚು ಪತ್ರಕರ್ತರು. 2016ರ ಏಪ್ರಿಲ್ 3ರಂದು ಮೊದಲ ವರದಿ ಬರುವವರೆಗೆ ಒಂದು ವರ್ಷದ ದುಡಿಮೆ, ಆ ದುಡಿಮೆಯಿಂದ ಒಂದಕ್ಷರವೂ ಅಚ್ಚಾಗಿರಲಿಲ್ಲ. ಆ ವರ್ಷದ ಸಂಬಳ, ಸರ್ವರು, ವಕೀಲರು? ಇವಕ್ಕೆ ದೇಣಿಗೆ ಕೇಳಿದರೆ "ಯಾವ ಸ್ಟೋರಿಗೆ?" ಅಂತ ಮರುಪ್ರಶ್ನೆ. ಸ್ಟೋರಿಗೆ ಕೊಡುತ್ತಾರೆ, ವಕೀಲರಿಗೆ ಕೊಡುವುದಿಲ್ಲ. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವು ನಿಲ್ಲಿಸಿದಾಗ ಹಲವು ದೇಶಗಳ ಸಣ್ಣ ಸುದ್ದಿಮನೆಗಳು ಒಂದೇ ವಾರದಲ್ಲಿ ತತ್ತರಿಸಿದವು. ಒಂದೇ ಕಡೆಯಿಂದ ಬರುವ ದುಡ್ಡನ್ನು ನಂಬಿದರೆ ಆಗುವುದು ಹೀಗೆ.

ಸ್ಲೊವಾಕಿಯಾದ ತನಿಖಾ ಪತ್ರಕರ್ತ ಯಾನ್ ಕುಟ್ಸಿಯಾಕ್ ಅವರಿಗೆ 27 ವರ್ಷ. 2018ರ ಫೆಬ್ರವರಿಯಲ್ಲಿ ಅವರನ್ನೂ ಅವರು ಮದುವೆಯಾಗಬೇಕಿದ್ದ ಹುಡುಗಿಯನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದರು. ಅರ್ಧಕ್ಕೆ ನಿಂತ ಅವರ ವರದಿಯನ್ನು ಸಹೋದ್ಯೋಗಿಗಳು ಕೆಲವೇ ದಿನಗಳಲ್ಲಿ ಪ್ರಕಟಿಸಿದರು, ಮಾರ್ಚ್‌ನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು. ಕಡತ ಇನ್ನೊಬ್ಬರ ಬಳಿಯೂ ಇದ್ದದ್ದರಿಂದ ಅದು ಆಯಿತು. ಆ ಇನ್ನೊಬ್ಬರಿಗೂ ಸಂಬಳ ಬೇಕು, ಅವರ ಮೇಲೂ ಕೇಸು ಬೀಳುತ್ತದೆ.

ನೀವು ನಂಬುವ ಯಾವುದಾದರೂ ತನಿಖಾ ಸಂಸ್ಥೆಗೆ, ಅದು ಎಲ್ಲಿಯದೇ ಆಗಿರಲಿ, ತಿಂಗಳಿಗೆ ಇಷ್ಟು ಅಂತ ಕೊಡಲು ಶುರು ಮಾಡಿ. ಚಿಕ್ಕ ಮೊತ್ತವಾದರೂ ಪರವಾಗಿಲ್ಲ, ಪ್ರತಿ ತಿಂಗಳೂ ಬರಲಿ. ದೇಣಿಗೆ ಫಾರಂನಲ್ಲಿ "ಉದ್ದೇಶ" ಅಂತ ಒಂದು ಖಾನೆ ಇರುತ್ತದೆ. ಅದನ್ನು ಖಾಲಿ ಬಿಡಿ.